ಸೂರಿನ ಮುದುಕರಿಗೆ ಕೇಳಿದ ಮೂರು ಪ್ರಶ್ನೆ

ನಾನು ಸಂಶಯದ ಮನುಷ್ಯ. ಮುಚ್ಚಿಟ್ಟು ಪ್ರಯೋಜನವಿಲ್ಲ, ನನ್ನ ಹೆಂಡತಿ ಹೇಗೂ ಸಿಕ್ಕಿದವರಿಗೆಲ್ಲ ಹೇಳಿಟ್ಟಿದ್ದಾಳೆ. ಮಸ್ಕತ್ತಿನ ಅಲ್ ಖುವೈರಿನಲ್ಲಿ, ವಿಮಾ ಕಂಪೆನಿಯೊಂದರ ಕ್ಲೇಮ್ ವಿಭಾಗದಲ್ಲಿ, ಜನರ ಸುಳ್ಳು ಓದುವುದೇ ಕಸುಬಾಗಿ ಒಂಬತ್ತು ವರ್ಷ ಕೂತವನು ಬೇರೆ ಏನಾದಾನು? ನಿಲ್ಲಿಸಿದ ಕಾರಿಗೆ ಒಂಟೆ ಬಂದು ಗುದ್ದಿತು ಅಂತ ಬರೆದುಕೊಡುತ್ತಾರೆ. ಹೋಗಿ ನೋಡಿದರೆ ಬಂಪರಿನಲ್ಲಿ ಒಂಟೆಯ ಒಂದು ಕೂದಲೂ ಇಲ್ಲ, ಇನ್ನೊಂದು ಕಾರಿನ ಕೆಂಪು ಬಣ್ಣ ಮೆತ್ತಿಕೊಂಡಿರುತ್ತದೆ. ನಮ್ಮ ವಿಭಾಗದ ದೊಡ್ಡ ಸಾಹೇಬ ನನಗೊಂದು ವಿದ್ಯೆ ಕಲಿಸಿದ್ದ: ಎದುರಿಗಿದ್ದವನು ಸುಳ್ಳು ಹೇಳುತ್ತಿದ್ದಾನೆ ಅನ್ನಿಸಿದರೆ ನೀನೂ ಒಂದು ಸುಳ್ಳು ಹೇಳು, ಆಮೇಲೆ ಅವನ ಮುಖ ನೋಡು. ಕಾರುಗಳ ವಿಷಯದಲ್ಲಿ ಈ ವಿದ್ಯೆ ನನಗೆಂದೂ ಕೈಕೊಟ್ಟಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆ ವರ್ಷದ ಜೂನ್‌ನಲ್ಲಿ ಊರಿನಿಂದ ಅಮ್ಮನ ಕಾಗದ ಬಂತು. ಅಮ್ಮ ಅಕ್ಷರಕ್ಕೆ ಅಕ್ಷರ ಜೋಡಿಸಿ ಬರೆಯುವವಳು. ನಾಲ್ಕು ಸಾಲು ಬರೆದಳೆಂದರೆ ಅದರ ಹಿಂದೆ ನಾಲ್ಕು ದಿನದ ಯೋಚನೆ ಇದೆ ಅಂತ ಅರ್ಥ. ವಿಷಯ ಅವಳ ಅಣ್ಣನದ್ದು, ಅಂದರೆ ನನ್ನ ಸೋದರಮಾವನದ್ದು. ನಾನು ತೊಟ್ಟಿಲಲ್ಲಿದ್ದಾಗ ಮಾವ ಮನೆಯಲ್ಲಿ ಜಗಳ ಮಾಡಿ, ಮಂಗಳೂರಿನ ಬಂದರಿಗೆ ಹೋಗಿ, ಹೆಂಚು ತುಂಬಿಕೊಂಡು ಅರಬ್ಬರ ದೇಶಕ್ಕೆ ಹೊರಟ ಒಂದು ಮಂಜಿ ಹತ್ತಿದರಂತೆ. ಮಂಜಿ ಅಂದರೆ ಹಾಯಿ ಕಟ್ಟಿದ ಮರದ ಹಡಗು. ಹೋದವರು ಹೋದರು. ಮಂಜಿ ಮುಳುಗಿತು ಅಂದವರಿದ್ದರು, ಮಾವ ಅಲ್ಲೇ ಎಲ್ಲೋ ಇಳಿದು ಸಂಸಾರ ಹೂಡಿದ್ದಾರೆ ಅಂದವರೂ ಇದ್ದರು. ಮೂವತ್ತು ವರ್ಷಕ್ಕೂ ಮೇಲಾಯಿತು, ಒಂದು ಚೀಟಿಯೂ ಬಂದಿರಲಿಲ್ಲ.

ನಮ್ಮ ತುಳುನಾಡಿನ ಮನೆಗಳಲ್ಲಿ ಆಟಿ ತಿಂಗಳಿನಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಗಾಲದಲ್ಲಿ, ತೀರಿಹೋದ ಹಿರಿಯರಿಗೆ ಬಡಿಸುವ ಕ್ರಮವುಂಟು. ಒಬ್ಬೊಬ್ಬರಿಗೆ ಒಂದೊಂದು ಬಾಳೆ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಎಳೆದು ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು. ಮಾವನ ಎಲೆಯ ಬಗ್ಗೆ ನಮ್ಮ ಮನೆಯಲ್ಲಿ ಪ್ರತಿ ವರ್ಷ ಜಗಳ. ಸತ್ತವನಿಗೆ ಎಲೆ ಹಾಕದಿದ್ದರೆ ಅವನು ಹಸಿದುಕೊಂಡು ಅಲೆಯುತ್ತಾನೆ ಅನ್ನುವುದು ದೊಡ್ಡಮ್ಮನ ವಾದ. ಬದುಕಿದ್ದವನಿಗೆ ಎಲೆ ಹಾಕಿದರೆ ಅವನನ್ನು ನಾವೇ ಕೊಂದಂತೆ ಅನ್ನುವುದು ಅಮ್ಮನ ವಾದ. ಅಮ್ಮ ಒಂದು ವರ್ಷವೂ ಹಾಕಲು ಬಿಟ್ಟಿರಲಿಲ್ಲ. ಈಗ ಬರೆದಿದ್ದಳು: "ಅಣ್ಣ ಕನಸಿನಲ್ಲಿ ಬಂದು ಬಾಗಿಲಲ್ಲಿ ನಿಂತು ಹಸಿವು ಅಂದ. ಮೂರು ಸಲ ಬಂದ. ನನಗೂ ಉಸಿರು ಹಿಡಿಯುತ್ತದೆ, ಇನ್ನೆಷ್ಟು ದಿನವೋ. ನೀನು ಅರಬ್ಬರ ದೇಶದಲ್ಲಿಯೇ ಇದ್ದೀ. ವಿಚಾರಿಸು. ಈ ಸಲ ಎಲೆ ಹಾಕಬೇಕೋ ಬೇಡವೋ ಹೇಳು."

ವಿಚಾರಿಸು ಅಂದರೆ ಯಾರನ್ನು? ಮಸ್ಕತ್ತಿನದೇ ಘಾಲಾದಲ್ಲಿ ನಮ್ಮ ಕಂಪೆನಿಯ ಜಖಂ ಕಾರುಗಳು ಹೋಗುವ ಒಂದು ಗ್ಯಾರೇಜ್ ಇತ್ತು. ಅದನ್ನು ನಡೆಸುತ್ತಿದ್ದವರು ಬಂಟ್ವಾಳ ಕಡೆಯ ಒಬ್ಬ ಬ್ಯಾರಿ, ಅಂದರೆ ನಮ್ಮ ಕರಾವಳಿಯ ಮುಸಲ್ಮಾನರು, ನನಗಿಂತ ಹತ್ತು ವರ್ಷ ದೊಡ್ಡವರು, ಬಾಯಿ ತುಂಬ ಮಾತು. ಅವರ ಮೇಲೆ ನನಗೆ ಮೊದಲಿನಿಂದಲೂ ಒಂದು ಕಣ್ಣು. ಒಂದು ಬಾಗಿಲು ಬದಲಾಯಿಸಬೇಕಾದಲ್ಲಿ ಎರಡು ಬಾಗಿಲು ಅಂತ ಬರೆಯುತ್ತಾರೆ ಅಂತ ನನ್ನ ಗುಮಾನಿ. ಒಂದು ದಿನ ಕಾರು ನೋಡಲು ಹೋದಾಗ, ಮನೆಯ ವಿಷಯ ಏನೂ ಬಿಟ್ಟುಕೊಡದೆ, ಸುಮ್ಮನೆ ಕೇಳಿದೆ: ಹಿಂದಿನ ಕಾಲದಲ್ಲಿ ಮಂಜಿಯಲ್ಲಿ ಬಂದ ನಮ್ಮ ಕಡೆಯವರು ಇಲ್ಲಿ ಯಾರಾದರೂ ಉಳಿದಿದ್ದಾರಾ?

"ಇದ್ದಾರಲ್ಲ ಮಾರಾಯ್ರೆ!" ಅಂದರು. "ಸೂರು ಅಂತ ಕಡಲ ಬದಿಯ ಊರು ಉಂಟಲ್ಲ, ಅಲ್ಲಿ ಒಬ್ಬರು ಅಜ್ಜ. ಹಡಗು ಕಟ್ಟುವ ಜಾಗದಲ್ಲಿ ಕೆಲಸ. ಒಡೆದ ಪಿಕಪ್ ತರ್ಲಿಕ್ಕೆ ಹೋದಾಗ ಸಿಕ್ಕಿದ್ದು. ನೋಡ್ಲಿಕ್ಕೆ ಅರಬಿ, ಬಾಯಿ ಬಿಟ್ರೆ ತುಳು. ಮುಲ್ಕಿ ಹೊಳೆ ಬದಿಯ ಮನೆಯಂತೆ. ಯಾಕೆ, ನಿಮ್ಮವರಾ?"

ನಮ್ಮ ಮನೆಯೂ ಮುಲ್ಕಿ ಹೊಳೆಯ ಬದಿಯಲ್ಲೇ. ಆದರೂ ಮುಖ ಬಿಗಿ ಮಾಡಿಕೊಂಡು, ನಮ್ಮ ಮನೆಯವರೊಬ್ಬರು ಹಾಗೆ ಬಂದಿದ್ದರಂತೆ ಅಂತಷ್ಟೇ ಅಂದೆ. ಮುಂದಿನ ಶುಕ್ರವಾರ ರಜೆಯಲ್ಲಿ ತಾನೇ ಕರೆದುಕೊಂಡು ಹೋಗುತ್ತೇನೆ ಅಂದರು. ಪೆಟ್ರೋಲಿಗೆ ಏನೂ ಬೇಡವಂತೆ. ಅಲ್ಲಿಗೆ ನನ್ನ ತಲೆಯೊಳಗೆ ಗಂಟೆ ಹೊಡೆಯಿತು. ನನ್ನ ಮೇಜಿನ ಮೇಲೆ ಇವರ ಮೂರು ಫೈಲು ಕೊಳೆಯುತ್ತಿವೆ, ಇವರು ಪುಕ್ಕಟೆ ಸೂರಿಗೆ ಕರೆದುಕೊಂಡು ಹೋಗುತ್ತಾರಂತೆ! ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಹೆಂಡತಿಗೆ ಹೇಳಿದೆ. ಅವಳು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, "ನಿಮಗೆ ಹಾಲು ಕೊಟ್ರೂ ಸುಣ್ಣದ ನೀರಾ ಅಂತ ಮೂಸಿ ನೋಡ್ತೀರಿ. ಹೋಗಿ ಬನ್ನಿ, ಅತ್ತೆ ಕಾಯ್ತಾ ಇರ್ತಾರೆ" ಅಂದಳು.

ಹೊರಡುವ ಮುಂಚೆ ಆಫೀಸಿನ ಕಾಗದದ ಮೇಲೆ ಮೂರು ಪ್ರಶ್ನೆ ಬರೆದುಕೊಂಡೆ. ಮನೆಯ ಬಾವಿ ಯಾವ ದಿಕ್ಕಿಗಿದೆ? ಚಾವಡಿಗೆ ಎಷ್ಟು ಮೆಟ್ಟಿಲು? ಹೊಳೆ ದಾಟಿಸುವ ದೋಣಿಯವನಿಗೆ ಯಾವ ಕಣ್ಣು ಕುರುಡು? ನಮ್ಮ ಮನೆಯಲ್ಲಿ ಉಂಡು ಬೆಳೆದವನಿಗೆ ಇಷ್ಟು ಗೊತ್ತಿರಲೇಬೇಕು. ಸೋದರಮಾವ ಅಂದರೆ ನಮ್ಮಲ್ಲಿ ಮನೆಯ ಯಜಮಾನ. ನಾಳೆ ಯಾವನೋ ಒಬ್ಬ ಟೊಪ್ಪಿ ಹಾಕಿಕೊಂಡವನು ಬಂದು ಜಗಲಿಯಲ್ಲಿ ಕೂತು ಯಜಮಾನಿಕೆ ಮಾಡಿದರೆ?

ಆಗ ಸೂರಿಗೆ ಕರಾವಳಿಯ ದೊಡ್ಡ ರಸ್ತೆ ಇರಲಿಲ್ಲ. ಒಳನಾಡಿನ ಇಬ್ರಾ ಮೇಲಿಂದ ಸುತ್ತಿ ಹೋಗಬೇಕು, ಬೆಳಿಗ್ಗೆ ಐದಕ್ಕೆ ಹೊರಟರೆ ಒಂಬತ್ತೂವರೆ. ದಾರಿಯುದ್ದಕ್ಕೂ ಬ್ಯಾರಿ ಮಾತಾಡಿದರು, ನಾನು ಕಿಟಕಿಯ ಹೊರಗೆ ನೋಡಿದೆ. ಅವರ ಮನೆಯಿಂದ ಕಟ್ಟಿಕೊಟ್ಟ ಅಕ್ಕಿ ರೊಟ್ಟಿಯನ್ನೂ ಕೋಳಿ ಸಾರನ್ನೂ ಇಬ್ರಾದಲ್ಲಿ ನಿಲ್ಲಿಸಿ ಬಿಚ್ಚಿದರು. ಸಾರು ಚೆನ್ನಾಗಿತ್ತು. ಚೆನ್ನಾಗಿದ್ದದ್ದಕ್ಕೇ ನನಗೆ ಇನ್ನಷ್ಟು ಇರಿಸುಮುರಿಸಾಯಿತು.

ಸೂರು ಹಳೆಯ ಊರು. ಒಂದು ಕಾಲದಲ್ಲಿ ಇಲ್ಲಿಂದ ಹೊರಟ ಹಡಗುಗಳು ಆಫ್ರಿಕಾಕ್ಕೂ ನಮ್ಮ ಕರಾವಳಿಗೂ ಹೋಗುತ್ತಿದ್ದವು. ಗುಡ್ಡದ ಮೇಲೆ ಕಾವಲು ಬುರುಜುಗಳು, ಸುಣ್ಣ ಬಳಿದ ಮನೆಗಳು, ಕೆತ್ತನೆಯ ಬಾಗಿಲುಗಳು. ಆ ಬಾಗಿಲುಗಳ ತೇಗ ನಮ್ಮ ಕಡೆಯಿಂದ ಬಂದದ್ದು ಅಂತ ಬ್ಯಾರಿ ಹೆಮ್ಮೆಯಿಂದ ಹೇಳಿದರು. ಹಿನ್ನೀರಿನ ದಡದಲ್ಲಿ ಅರ್ಧ ಕಟ್ಟಿದ ಎರಡು ಮರದ ಹಡಗುಗಳು ನಿಂತಿದ್ದವು. ಬಿಸಿಲು ಆಗಲೇ ತಲೆ ಸುಡುತ್ತಿತ್ತು, ಮೀನೆಣ್ಣೆಯ ನಾತ ಬೇರೆ. ಹಡಗಿನ ನೆರಳಿನಲ್ಲಿ ಒಬ್ಬ ಮುದುಕರು ಕೂತು, ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಹುರಿಯನ್ನು ಉಳಿಯಿಂದ ಟಕ್ ಟಕ್ ಅಂತ ತುರುಕುತ್ತಿದ್ದರು. ಸೊಂಟಕ್ಕೆ ಲುಂಗಿ, ತಲೆಗೆ ಕಸೂತಿಯ ಟೊಪ್ಪಿ, ಬಿಳಿ ಗಡ್ಡ. ಹೆಸರೂ ಈಗ ಬೇರೆಯೇ ಅಂತ ಬ್ಯಾರಿ ಮೊದಲೇ ಹೇಳಿದ್ದರು.

ಬ್ಯಾರಿ ಅವರ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ಏನು ಹೇಳಿದಿರಿ ಅಂತ ಕೇಳಿದ್ದಕ್ಕೆ, "ಊರಿನವರು ಬಂದಿದ್ದಾರೆ ಅಂದೆ, ಮತ್ತೆಂತ?" ಅಂದರು. ಆಮೇಲೆ ಮೀನು ನೋಡಿ ಬರುತ್ತೇನೆಂದು ಪೇಟೆ ಕಡೆ ನಡೆದೇ ಬಿಟ್ಟರು. ನಮ್ಮಿಬ್ಬರನ್ನೇ ಬಿಟ್ಟುಹೋಗುವುದೂ ಯೋಜನೆಯ ಒಂದು ಭಾಗ ಅಂತ ಲೆಕ್ಕ ಹಾಕಿದೆ.

ಮುದುಕರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಬಲ, ಕುಲ್ಲು" ಅಂತ ತುಳುವಿನಲ್ಲಿ, ಏಕವಚನದಲ್ಲೇ ಕರೆದು ಕೂರಿಸಿದರು. ಮುಂದಿನ ಮಾತೆಲ್ಲ ತುಳುವಿನಲ್ಲೇ ನಡೆದದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಈ ಮೂಗು ನಮ್ಮ ಮನೆಯದ್ದು" ಅಂದರು.

ಮೂಗಂತೆ! ಮೂಗು ಯಾರಿಗಿಲ್ಲ? ನಾನು ಕಾಗದ ತೆಗೆದೆ. "ನಿಮ್ಮ ಮನೆಯಲ್ಲಿ ಬಾವಿ ಯಾವ ಕಡೆಗಿತ್ತು?"

"ಪಡುವಣಕ್ಕೆ."

ನಮ್ಮ ಬಾವಿ ಮೂಡಣಕ್ಕೆ. ಕಾಗದದ ಮೇಲೆ ಒಂದು ತಪ್ಪು ಗುರುತು ಹಾಕಿದೆ. "ಚಾವಡಿಗೆ ಎಷ್ಟು ಮೆಟ್ಟಿಲು?"

"ಮೂರು. ಮಧ್ಯದ್ದು ಒಡೆದಿತ್ತು."

ನಮ್ಮದು ಐದು. ಇನ್ನೊಂದು ತಪ್ಪು. "ದೋಣಿಯವನಿಗೆ ಯಾವ ಕಣ್ಣು ಕುರುಡು?"

"ಯಾವ ದೋಣಿಯವನು?" ಅಂದರು ಮುದುಕರು. "ನಾವು ಇಳಿತದ ಹೊತ್ತಿಗೆ ನಡೆದೇ ದಾಟುತ್ತಿದ್ದೆವಲ್ಲ."

ಮೂರಕ್ಕೆ ಮೂರೂ ತಪ್ಪು. ಖಲಾಸ್ ಅಂದುಕೊಂಡು ಕಾಗದ ಮಡಚಿದೆ. ಅಷ್ಟರಲ್ಲಿ ಅವರು ಉಳಿ ಕೆಳಗಿಟ್ಟು, ಸ್ವರ ತಗ್ಗಿಸಿ ಕೇಳಿದರು, "ತಂಗಿ ಹೇಗಿದ್ದಾಳೆ?"

ನೋಡಿ, ಇದೊಂದು ಪ್ರಶ್ನೆ ನನ್ನನ್ನು ಅಲ್ಲಾಡಿಸಬೇಕಿತ್ತು. ಅಲ್ಲಾಡಿಸಿತು ಕೂಡ. ಆದರೆ ಅಲ್ಲಾಡಿದ್ದಕ್ಕೇ ನನಗೆ ಸಿಟ್ಟು ಬಂತು. ತಂಗಿ ಯಾರ ಮನೆಯಲ್ಲಿಲ್ಲ? ಕಣಿ ಹೇಳುವವರು ಕೇಳುವುದೂ ಹೀಗೇ ಅಲ್ಲವೇ? ಸಾಹೇಬ ಕಲಿಸಿದ ವಿದ್ಯೆ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಮುಖ ನೋಡುತ್ತಲೇ ಹೇಳಿದೆ, "ಅಮ್ಮ ತೀರಿಹೋಗಿ ಎರಡು ವರ್ಷ ಆಯಿತು."

ಮುದುಕರ ಮುಖದಲ್ಲಿ ಏನೂ ಆಗಲಿಲ್ಲ. ಕಣ್ಣೀರಿಲ್ಲ, ಅಯ್ಯೋ ಅನ್ನಲಿಲ್ಲ. ಉಳಿ ಎತ್ತಿಕೊಂಡರು, ಹುರಿಯನ್ನು ಸಂದಿಗೆ ಹಿಡಿದರು, ಹೊಡೆಯಲಿಲ್ಲ. ಉಳಿಯನ್ನು ಮತ್ತೆ ಕೆಳಗಿಟ್ಟು, "ಹಾಗಾದರೆ ನೀವು ಹುಡುಕುವ ಜನ ನಾನಲ್ಲ" ಅಂದರು. ಅಲ್ಲಿಯವರೆಗೆ ಇಲ್ಲದ ಬಹುವಚನ. "ವಯಸ್ಸಾಯಿತು, ಏನೇನೋ ಹೇಳಿದೆ. ಬಿಸಿಲು ಏರುವ ಮೊದಲು ಹೊರಡಿ."

ಸಿಕ್ಕಿಬಿದ್ದ! ನನಗೆ ಎಷ್ಟು ಸಂತೋಷವಾಯಿತೆಂದು ಈಗ ಹೇಳಲು ನಾಚಿಕೆಯಾಗುತ್ತದೆ. ಅಮ್ಮ ಇಲ್ಲದ ಮೇಲೆ ನಾಟಕ ನಡೆಯುವುದಿಲ್ಲ ಅಂತ ಗೊತ್ತಾಗಿ ವೇಷ ಕಳಚಿದರು ಅಂತಲೇ ನಾನು ತೀರ್ಮಾನಿಸಿದೆ. ಬ್ಯಾರಿ ಮೀನು ಹಿಡಿದುಕೊಂಡು ಬಂದಾಗ, "ಅಲ್ಲ, ಬೇರೆ ಯಾರೋ" ಅಂದೆ. ಮುದುಕರೂ ತಲೆಯಾಡಿಸಿದರು. ಹಿಂದಿರುಗುವಾಗ ಬ್ಯಾರಿ ಹೆಚ್ಚು ಮಾತಾಡಲಿಲ್ಲ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಾನೆ ಅಂದುಕೊಂಡು ನಾನು ಸುಖವಾಗಿ ನಿದ್ದೆ ಮಾಡಿದೆ.

ಅಮ್ಮನಿಗೆ ಏನು ಬರೆಯುವುದು? ಗೊತ್ತಾಗಲಿಲ್ಲ ಅಂತ ಬರೆದರೆ ಅವಳು ಮತ್ತೆ ಕನಸು ಕಾಣುತ್ತಾಳೆ, ಮತ್ತೆ ಉಸಿರು ಹಿಡಿಯುತ್ತದೆ. ಆಫೀಸಿನಲ್ಲಿ ಹಳೆಯ ಫೈಲು ಮುಚ್ಚುವ ಹಾಗೆ ಇದನ್ನೂ ಮುಚ್ಚಿದೆ. "ಸೂರಿಗೆ ಹೋಗಿ ವಿಚಾರಿಸಿದೆ. ಮಾವ ಹತ್ತು ವರ್ಷದ ಹಿಂದೆಯೇ ಜ್ವರ ಬಂದು ತೀರಿಹೋದರಂತೆ. ಈ ಸಲ ಎಲೆ ಹಾಕು" ಅಂತ ಬರೆದೆ. ಹೆಂಡತಿಗೂ ಅದನ್ನೇ ಹೇಳಿದೆ. ಆಟಿ ಕಳೆದ ಮೇಲೆ ಉತ್ತರ ಬಂತು. ಅಣ್ಣನಿಗೆ ಬಂಗುಡೆ ಮೀನಿನ ಪುಳಿಮುಂಚಿ ಇಷ್ಟ, ಅದನ್ನೇ ಮಾಡಿ ಬಡಿಸಿದಳಂತೆ. ಬಾಗಿಲು ಎಳೆದು ಹೊರಗೆ ನಿಂತು ಅತ್ತಳಂತೆ. ಈಗ ಕನಸು ಬೀಳುವುದಿಲ್ಲವಂತೆ. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡು ಕಾಗದವನ್ನು ಕಪಾಟಿನಲ್ಲಿಟ್ಟೆ.

ಸೆಪ್ಟೆಂಬರಿನಲ್ಲಿ ಘಾಲಾದ ಗ್ಯಾರೇಜಿಗೆ ಒಂದು ಕಾರು ನೋಡಲು ಹೋದೆ. ಬ್ಯಾರಿ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಬಂದವರು, "ನಿಮ್ಮ ತಾಯಿ ತೀರಿಹೋದ್ದು ನೀವು ನನ್ಹತ್ರ ಹೇಳ್ಲೇ ಇಲ್ಲ ಮಾರಾಯ್ರೆ" ಅಂದರು.

"ಯಾರು ಹೇಳಿದ್ದು?"

"ಸೂರಿನ ಅಜ್ಜ. ಹೋದ ತಿಂಗಳು ಮತ್ತೆ ಹೋಗಿದ್ದೆ. ಅವರ ಹೆಂಡತಿ, ಅಲ್ಲಿಯವಳೇ, ಹೆದರಿಕೊಂಡು ನನ್ಹತ್ರ ಕೇಳಿದ್ಳು, ಇವರಿಗೆ ಎಂತ ಆಗಿದೆ ಅಂತ. ಒಂದು ದಿನ ಮಧ್ಯಾಹ್ನ ಬಾದಾಮಿ ಮರದ ಎಲೆ ನಾಲ್ಕು ಸೇರಿಸಿ ಕಡ್ಡಿ ಚುಚ್ಚಿ, ಅದ್ರಲ್ಲಿ ಅನ್ನ ಮೀನು ಬಡಿಸಿ, ಕೋಣೆಯ ಬಾಗಿಲು ಎಳೆದು, ಹೊರಗೆ ಬಿಸಿಲಲ್ಲಿ ನಿಂತಿದ್ರಂತೆ. ಯಾರನ್ನೂ ಒಳಗೆ ಬಿಡ್ಲಿಲ್ಲ. ನಾನು ಕೇಳಿದ್ದಕ್ಕೆ, ಊರಲ್ಲಿ ಆಟಿ, ತಂಗಿ ಹೋಗಿದ್ದಾಳೆ, ಅವಳಿಗೆ ಬಡಿಸ್ಲಿಕ್ಕೆ ನಾನೊಬ್ಬನೇ ಅಣ್ಣ ಅಂದ್ರು. ಆ ಮನುಷ್ಯ ನಿಮ್ಮ ಮಾವನೇ ಮಾರಾಯ್ರೆ. ಅಲ್ಲ ಅಂತ ಯಾಕೆ ಹೇಳಿದ್ರೋ ನನಗೆ ಗೊತ್ತಿಲ್ಲ."

ಅಲ್ಲೇ ಇದ್ದ ಟಯರಿನ ಮೇಲೆ ಕೂತೆ. ಒಂಬತ್ತು ವರ್ಷದ ನನ್ನ ವಿದ್ಯೆಯಲ್ಲಿ ಒಂದು ಮಾತು ನಿಜ: ನೋಡುವವರಿಲ್ಲದ ಕಡೆ ಯಾರೂ ಸುಳ್ಳು ಕ್ಲೇಮ್ ಹಾಕುವುದಿಲ್ಲ. ಬಾಗಿಲು ಎಳೆದ ಕೋಣೆಯಲ್ಲಿ ಯಾರಿಗೆ ಮೋಸ ಮಾಡಲು ಎಲೆ ಹಾಕುತ್ತಾರೆ? ಆಮೇಲೆ ಒಂದೊಂದಾಗಿ ಹೊಳೆಯಿತು. ಮನೆಯ ಪಡುವಣಕ್ಕೆ ದುಂಡಗಿನ ಕಲ್ಲುಕಟ್ಟೆಯೊಳಗೆ ದಾಸವಾಳ ಬೆಳೆದಿತ್ತು. ಅದು ಮುಚ್ಚಿದ ಬಾವಿ, ಚಿಕ್ಕಂದಿನಲ್ಲಿ ನಾವು ಅದರ ಕಟ್ಟೆಯ ಮೇಲೆ ಕುಣಿದಿದ್ದೇವೆ. ನೆರೆ ಬಂದ ವರ್ಷ ಚಾವಡಿ ಎತ್ತರಿಸಿ ಎರಡು ಮೆಟ್ಟಿಲು ಸೇರಿಸಿದ್ದು ನನಗೇ ನೆನಪಿದೆ. ಹೊಳೆ ಆಳವಾಗಿ ದೋಣಿ ಬಂದದ್ದೂ ಆ ನೆರೆಯ ಮೇಲೆಯೇ. ನಾನು ಕೇಳಿದ್ದು ನನ್ನ ಮನೆ, ಅವರು ಹೇಳಿದ್ದು ಅವರು ಬಿಟ್ಟುಹೋದ ಮನೆ.

"ಅಮ್ಮ ಬದುಕಿದ್ದಾರೆ" ಅಂದೆ.

ಬ್ಯಾರಿಗೆ ಅರ್ಥವಾಗಲಿಲ್ಲ. ಎಲ್ಲವನ್ನೂ ಹೇಳಿದೆ, ಊರಿಗೆ ಬರೆದ ಕಾಗದದ ವಿಷಯವನ್ನೂ. ಅವರು ಗ್ರೀಸಿನ ಬಟ್ಟೆಯನ್ನು ನೆಲಕ್ಕೆ ಬಿಸಾಡಿದರು. "ತೌಬಾ! ಇಬ್ಬರೂ ಜೀವಂತ ಇದ್ದಾರೆ, ಇಬ್ಬರ ಹತ್ರವೂ ಎಲೆ ಹಾಕಿಸಿದ್ರಲ್ಲ! ನೀವು ಮನುಷ್ಯರಾ? ಆ ಎದೆಯಲ್ಲಿ ಎಂತ ಉಂಟು, ಕಲ್ಲಾ?" ಎಂಟು ಮಂದಿ ಕೆಲಸಗಾರರ ಎದುರಿಗೆ ಬೈದರು. ನಾನು ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆ. ಅವರ ಬೈಗುಳದಲ್ಲಿ ಸಂಶಯಪಡಲು ಏನೂ ಇರಲಿಲ್ಲ.

ಮುಂದಿನ ಶುಕ್ರವಾರ ಮತ್ತೆ ಸೂರು. ಈ ಸಲ ಬ್ಯಾರಿ ಒಂದೂ ಮಾತಾಡಲಿಲ್ಲ, ರೊಟ್ಟಿಯೂ ಇರಲಿಲ್ಲ. ಮಾವ ಅದೇ ಹಡಗಿನ ಇನ್ನೊಂದು ಮಗ್ಗುಲಲ್ಲಿ ಕೂತಿದ್ದರು. ಕಾಲು ಮುಟ್ಟಲು ಬಾಗಿದೆ, ಕಾಲು ಹಿಂದಕ್ಕೆಳೆದುಕೊಂಡರು. "ಮಾವ, ತಪ್ಪಾಯಿತು. ಅಮ್ಮ ಇದ್ದಾಳೆ. ನಿಮ್ಮನ್ನು ಪರೀಕ್ಷೆ ಮಾಡಲು ಸುಳ್ಳು ಹೇಳಿದೆ" ಅಂದೆ.

ಅವರು ನನ್ನನ್ನು ನೋಡಿದ ರೀತಿ ನನಗೆ ಚೆನ್ನಾಗಿ ಗೊತ್ತಿತ್ತು. ನಾನೇ ದಿನವೂ ಮೇಜಿನ ಈಚೆಯಿಂದ ಜನರನ್ನು ನೋಡುವ ರೀತಿ ಅದು.

"ಆವತ್ತು ಸತ್ತಳು ಅಂದೆ. ಇವತ್ತು ಇದ್ದಾಳೆ ಅನ್ನುತ್ತೀ. ಆವತ್ತಿನ ಬಾಯಿಯೇ ಅಲ್ಲವಾ ಇದು?" ಅಂದರು. "ನಾನು ಊರು ಬಿಟ್ಟವನು, ಹೆಸರು ಬಿಟ್ಟವನು. ಬರೆಯಲು ಮುಖವಿಲ್ಲದೆ ಇಷ್ಟು ವರ್ಷ ಕೂತೆ. ಅವಳೇ ಹೋದಳು ಅಂದ ಮೇಲೆ ಯಾವ ಮುಖದಿಂದ ನಿನ್ನ ಮಾವ ಅನ್ನಲಿ? ಆದರೂ ಅವಳಿಗೆ ಎಲೆ ಹಾಕಿ, ಅತ್ತು, ಈಗಷ್ಟೇ ಸಮಾಧಾನ ಮಾಡಿಕೊಂಡಿದ್ದೇನೆ. ಮತ್ತೆ ಆಸೆ ಹುಟ್ಟಿಸಿ ಆಮೇಲೆ ಇನ್ನೊಂದು ಸಲ ಕೊಲ್ಲುತ್ತೀಯೋ?"

"ಫೋನು ಮಾಡಿ ಮಾತಾಡಿಸುತ್ತೇನೆ ಮಾವ."

"ಯಾವಳನ್ನೋ ಮಾತಾಡಿಸಿ ತಂಗಿ ಅನ್ನುತ್ತೀ. ಮೂವತ್ತು ವರ್ಷದ ಮೇಲೆ ನನಗೆ ಸ್ವರ ಗುರುತಾಗುತ್ತದಾ?" ನನ್ನ ಮುಖವನ್ನೇ ನೋಡುತ್ತ ಕೇಳಿದರು: "ನಾನು ಅವಳನ್ನು ಏನಂತ ಕರೆಯುತ್ತಿದ್ದೆ, ಹೇಳು."

ನನಗೆ ಗೊತ್ತಿರಲಿಲ್ಲ. ಬಾವಿಯ ದಿಕ್ಕು ಬರೆದುಕೊಂಡಿದ್ದೆ, ಮೆಟ್ಟಿಲು ಎಣಿಸಿದ್ದೆ. ಅಣ್ಣ ನಿನ್ನನ್ನು ಏನಂತ ಕರೆಯುತ್ತಿದ್ದ ಅಂತ ಅಮ್ಮನನ್ನು ಒಂದು ದಿನ ಕೂತು ಕೇಳಿದವನಲ್ಲ. ಕಣ್ಣಲ್ಲಿ ನೀರು ಬಂತು. ಬ್ಯಾರಿ ಮಧ್ಯೆ ಬಂದು, "ಬನ್ನಿ ಅಜ್ಜ, ಅವರ ತಾಯಿಯನ್ನೇ ಕೇಳ್ಲಿ. ನೀವು ಬದಿಯಲ್ಲಿ ನಿಲ್ಲಿ. ಯಲ್ಲಾ, ಹೋಗುವಾ" ಅಂತ ಅವರ ರಟ್ಟೆ ಹಿಡಿದು ಎಬ್ಬಿಸಿದರು.

ಅಂಚೆ ಕಚೇರಿಯ ಹೊರಗಿನ ಕಾರ್ಡ್ ಫೋನಿನಿಂದ ಊರಿನ ಪಕ್ಕದ ಅಂಗಡಿಗೆ ಮಾಡಿದೆ. ಅಮ್ಮನನ್ನು ಕರೆಸಿ, ಕಾಲು ಗಂಟೆ ಬಿಟ್ಟು ಮತ್ತೆ ಮಾಡುತ್ತೇನೆ ಅಂದೆ. ಆ ಕಾಲು ಗಂಟೆ ಮೂವರೂ ಗೋಡೆಯ ನೆರಳಿನಲ್ಲಿ ನಿಂತೆವು, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಎರಡನೆಯ ಸಲ ಅಮ್ಮ ಸಿಕ್ಕಿದಳು, ಓಡಿ ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದಳು.

"ಎಂತ ಮಗಾ, ಏನಾಯಿತು?"

"ಏನೂ ಇಲ್ಲ ಅಮ್ಮ. ಒಂದು ಮಾತು ಕೇಳಬೇಕಿತ್ತು. ಮಾವ ನಿನ್ನನ್ನು ಏನಂತ ಕರೆಯುತ್ತಿದ್ದರು?"

ಲೈನು ಹೋಯಿತೋ ಅಂತ ಎರಡು ಸಲ ಅಮ್ಮಾ ಅಂದೆ.

"ಇದನ್ನು ಯಾರು ಕೇಳಿದ್ದು?" ಅಂದಳು ಅಮ್ಮ.

"ನಾನೇ. ಸುಮ್ಮನೆ."

"ನಿನಗೆ ಇದನ್ನೆಲ್ಲ ಕೇಳುವ ಬುದ್ಧಿ ಎಲ್ಲಿಂದ? ಇದನ್ನು ಕೇಳುವವನು ಒಬ್ಬನೇ." ಉಸಿರು ಎಳೆದುಕೊಂಡಳು. "ಅವನ ಕೈಗೆ ಕೊಡು."

ಕೊಟ್ಟೆ. ಮಾವ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗೋಡೆಯ ಕಡೆ ತಿರುಗಿದರು. ಆಮೇಲೆ ಮಾವ ಒಂದೇ ಒಂದು ಶಬ್ದ ಹೇಳಿದರು, ಚಿಕ್ಕ ಹುಡುಗಿಯನ್ನು ರೇಗಿಸಲು ಹೇಳುವಂಥ ಒರಟು ಶಬ್ದ. ಅದನ್ನು ನಾನಿಲ್ಲಿ ಬರೆಯುವುದಿಲ್ಲ, ಅದು ಅವರಿಬ್ಬರದ್ದು. ಫೋನಿನೊಳಗಿನಿಂದ ಅಮ್ಮ ಅತ್ತದ್ದು ಎರಡು ಮಾರು ದೂರ ನಿಂತಿದ್ದ ಬ್ಯಾರಿಗೂ ಕೇಳಿಸಿತು. ಅವರು ಟೊಪ್ಪಿ ತೆಗೆದು ಮುಖ ಒರೆಸಿಕೊಂಡರು. ಮಾವ ಅಳುತ್ತ, ಬೈಯುತ್ತ, ಬೈಸಿಕೊಳ್ಳುತ್ತ ಕಾರ್ಡು ಮುಗಿಯುತ್ತ ಬರುವವರೆಗೂ ಮಾತಾಡಿ, ರಿಸೀವರನ್ನು ನನ್ನ ಕಡೆ ಚಾಚಿದರು.

"ಅಮ್ಮಾ" ಅಂದೆ.

"ಬದುಕಿದ್ದ ಅಣ್ಣನಿಗೆ ನನ್ನ ಕೈಯಿಂದಲೇ ಎಲೆ ಹಾಕಿಸಿ ಬಾಗಿಲು ಎಳೆಸಿದಿಯಲ್ಲ ಮಗಾ" ಅಂದಳು. ಸ್ವರದಲ್ಲಿ ಸಿಟ್ಟೂ ಇರಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು. "ಇನ್ನು ನೀನು ನನಗೆ ಕಾಗದ ಬರೆಯಬೇಡ. ನಿನ್ನ ಸುದ್ದಿಯನ್ನೂ ಅವನೇ ಬರೆಯಲಿ. ಅವನು ಬರೆದರೆ ನಂಬುತ್ತೇನೆ."